ಹತ್ತಕ್ಕೆ ನಾಲ್ಕು

ನನ್ನ ಅಂಗಿಯ ಜೇಬಿನಲ್ಲಿ ಈಗಲೂ ಒಂದು ಕೆಂಪು ಪೆನ್ನು ಇರುತ್ತದೆ. ಇಂಗ್ಲಿಷ್ ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ ಎಂಟು ವರ್ಷವಾಯಿತು, ತಿದ್ದಲು ಒಂದು ನೋಟ್‌ಬುಕ್ಕೂ ಇಲ್ಲ. ಆದರೂ ಬೆಳಿಗ್ಗೆ ಅಂಗಿ ತೊಟ್ಟ ಕೂಡಲೇ ಕೈ ತಾನಾಗಿ ಮೇಜಿನ ಕಡೆ ಹೋಗುತ್ತದೆ. ಪೆನ್ನಿಲ್ಲದೆ ಹುಣಸೂರಿನ ಬೀದಿಗೆ ಇಳಿದರೆ ಏನನ್ನೋ ಉಟ್ಟುಕೊಳ್ಳುವುದನ್ನೇ ಮರೆತು ಬಂದೆನೇನೋ ಎಂದು ಮೈಯೆಲ್ಲ ಮುಜುಗರವಾಗುತ್ತದೆ. ಈ ಪೆನ್ನು ಎರಡು ಸಲ ಅಂಗಿಯ ಜೊತೆಯಲ್ಲೇ ಬಕೆಟ್ಟಿಗೆ ಬಿದ್ದು ನನ್ನ ಬನಿಯನ್ನುಗಳೆಲ್ಲ ಗುಲಾಬಿ ಬಣ್ಣವಾದವು. ಅಂದಿನಿಂದ ನನ್ನ ಹೆಂಡತಿ ಸರೋಜ ಒಗೆಯುವ ಮೊದಲು ಗಂಡನ ಜೇಬು ತಪಾಸಣೆ ಮಾಡುತ್ತಾಳೆ. ಬೇರೆ ಹೆಂಗಸರು ದುಡ್ಡಿಗಾಗಿ ಮಾಡುವ ಕೆಲಸವನ್ನು ತಾನು ಪೆನ್ನಿಗಾಗಿ ಮಾಡಬೇಕಾಯಿತಲ್ಲ ಎಂಬುದು ಅವಳ ಕೊರಗು.

ತಪ್ಪು ಕಂಡರೆ ಸುಮ್ಮನಿರಲಾಗದ ಈ ಕಾಯಿಲೆಗೆ ಔಷಧವಿಲ್ಲ. ಮೈಸೂರಿನ ಬಸ್ಸು ಹತ್ತಿ ಕೂತರೆ ಕಂಡಕ್ಟರು, ‘ಬಿಳಿಕೆರೆ ಸೆಂಟರ್ ಮಧ್ಯದಲ್ಲಿ ನಿಲ್ಸಾಕಾಗಲ್ಲ, ಲಾಸ್ಟ್ ಕೊನೇ ಸ್ಟಾಪಲ್ಲಿ ಇಳ್ಕೊಳಿ’ ಎನ್ನುತ್ತಾನೆ. ಸೆಂಟರ್ ಅಂದಮೇಲೆ ಮಧ್ಯ ಯಾಕೆ, ಲಾಸ್ಟ್ ಅಂದಮೇಲೆ ಕೊನೆ ಯಾಕೆ? ಇಂಗ್ಲಿಷ್ ಪದವನ್ನು ಒಂಟಿಯಾಗಿ ಆಚೆ ಕಳಿಸಲು ನಮ್ಮವರಿಗೆ ಧೈರ್ಯ ಸಾಲದು, ಕಾವಲಿಗೆಂದು ಹಿಂದೆಯೇ ಒಂದು ಕನ್ನಡ ಪದವನ್ನೂ ಕಳಿಸುತ್ತಾರೆ. ಒಂದು ದಿನ ತಡೆಯಲಾರದೆ ಕಂಡಕ್ಟರಿಗೆ ಇದನ್ನು ವಿವರಿಸಿದೆ. ಆತ ಪೂರ್ತಿ ಕೇಳಿಸಿಕೊಂಡು, ‘ನೀವೆಲ್ಲಿ ಇಳಿಯೋದು ಸಾ?’ ಎಂದ. ಅಷ್ಟರಲ್ಲಿ ಬಿಳಿಕೆರೆ ದಾಟಿಹೋಗಿತ್ತು.

ಪಕ್ಕದ ಬೀದಿಯ ಲಕ್ಕೇಗೌಡರ ತಾಯಿ ತೀರಿಕೊಂಡಾಗ ಅವರು ಬಂದು, ‘ನಮ್ಮವ್ವ ಎಕ್ಸ್‌ಪೈರಿ ಆಗೋದ್ರು ಸಾ’ ಎಂದು ಕಣ್ಣೊರೆಸಿಕೊಂಡರು. ನಾನು ಅವರ ಹೆಗಲ ಮೇಲೆ ಕೈ ಇಟ್ಟೆ. ಆದರೆ ಒಳಗಿನ ದರಿದ್ರ ಮೇಷ್ಟ್ರು, ಎಕ್ಸ್‌ಪೈರಿ ಆಗುವುದು ಕೆಮ್ಮಿನ ಔಷಧಿ, ತಾಯಿಯಲ್ಲ ಎಂದು ಗೊಣಗುತ್ತಿದ್ದ. ಅದೇ ವಾರ ಸರೋಜಳ ಅಕ್ಕನ ಮೊಮ್ಮಗಳು ಮೈಸೂರಿನಿಂದ ಬಂದು, ‘ಬಸ್ಸಲ್ಲಿ ಎಷ್ಟು ರಶ್ ಅಂದ್ರೆ, ಲಿಟ್ರಲಿ ಸತ್ತೇ ಹೋದೆ ತಾತ’ ಎಂದು ಹೇಳಿ ನಾಲ್ಕು ದೋಸೆ ತಿಂದಳು. ಹೀಗೆ ನಮ್ಮಲ್ಲಿ ಸತ್ತವರು ಎಕ್ಸ್‌ಪೈರಿ ಆಗುತ್ತಾರೆ, ಬದುಕಿರುವವರು ಲಿಟ್ರಲಿ ಸಾಯುತ್ತಾರೆ. ಸಾವಿನ ವಿಷಯದಲ್ಲಾದರೂ ಒಂದು ಶಿಸ್ತು ಬೇಡವೇ ಎಂದು ನಾನು ಕೇಳಿದರೆ, ಸರೋಜ ಐದನೆಯ ದೋಸೆ ಹುಯ್ಯಲು ಎದ್ದುಹೋದಳು.

ಮಾತಿಗೆ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಗುರುಪುರದ ಹತ್ತಿರ ಟಿಬೆಟಿನವರ ಒಂದು ಪುಟ್ಟ ಹೋಟೆಲಿಗೆ ಹೋಗಿದ್ದೆ. ಹೊರದೇಶದ ಜನ ಎಂಬ ಗೌರವದಿಂದ, ವ್ಯಾಕರಣಕ್ಕೆ ಎಲ್ಲೂ ಪೆಟ್ಟಾಗದ ಹಾಗೆ, ಒಂದು ತಟ್ಟೆ ಮೊಮೊ ದೊರೆಯಬಹುದೇ ಎಂದು ಉದ್ದನೆಯ ಇಂಗ್ಲಿಷಿನಲ್ಲಿ ವಿಚಾರಿಸಿದೆ. ಗಲ್ಲಾದಲ್ಲಿದ್ದ ಮುದುಕ ನನ್ನನ್ನೇ ನೋಡುತ್ತ, ‘ಒಂದ್ ಪ್ಲೇಟಾ, ಎಲ್ಡ್ ಪ್ಲೇಟಾ, ಬೇಗ ಯೋಳಿ ಸ್ವಾಮಿ’ ಎಂದ. ನನ್ನ ಇಂಗ್ಲಿಷಿಗೆ ಅಷ್ಟು ಚಿಕ್ಕ ಉತ್ತರ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ.

ಇಂಥ ಪೆಟ್ಟುಗಳು ನನಗೆ ಹೊಸವೇನಲ್ಲ. ನಾನು ಹೆಚ್ಚು ಕಾಲ ಕೆಲಸ ಮಾಡಿದ್ದು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವಿನ ಒಂದು ಕೊಪ್ಪಲಿನ ಹೈಸ್ಕೂಲಿನಲ್ಲಿ. ಸುತ್ತ ಎತ್ತ ನೋಡಿದರೂ ಹೊಗೆಸೊಪ್ಪು. ಹೊಲದಿಂದ ಮುರಿದು ತಂದ ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ, ಕಿಟಕಿಯಿಲ್ಲದ ಎತ್ತರದ ಕೋಣೆಯಲ್ಲಿ ಸಾಲಾಗಿ ತೂಗುಹಾಕಿ, ಕೆಳಗಿನಿಂದ ಕಾವು ಕೊಟ್ಟು ಹಳದಿ ಬರಿಸುತ್ತಾರೆ. ಆ ಕೋಣೆಗೆ ಊರವರೆಲ್ಲ ಬ್ಯಾರನ್ ಎನ್ನುತ್ತಾರೆ. ಹೊಸದರಲ್ಲಿ ನಾನು ಒಬ್ಬ ರೈತನನ್ನು ದಾರಿಯಲ್ಲಿ ನಿಲ್ಲಿಸಿ, ‘ಅದು ಬ್ಯಾರನ್ ಅಲ್ಲಪ್ಪ, ಬಾರ್ನ್ ಅನ್ನಬೇಕು’ ಎಂದೆ. ಆತ ತಲೆಯ ಮೇಲಿನ ಹೊರೆಯನ್ನು ಇಳಿಸದೆ, ‘ಬಾರ್ನ್ ಅಂದ್ರೆ ಸೊಪ್ಪು ಬಿರ್ನೆ ಬೇಯ್ತದಾ ಸಾ?’ ಎಂದು ಕೇಳಿದ.

ಇವೆಲ್ಲ ಸಣ್ಣಪುಟ್ಟ ತುರಿಕೆಗಳು. ನನ್ನ ನಿಜವಾದ ವೈರಿ ಒಂದೇ ಒಂದು: ‘ಔಟ್ ಆಫ್ ಸ್ಟೇಷನ್.’ ಊರಲ್ಲಿ ಇಲ್ಲ ಎಂಬ ಎರಡು ಸೊಗಸಾದ ಕನ್ನಡ ಪದಗಳಿರುವಾಗ ಇವರಿಗೆ ಇದೇ ಬೇಕು. ಸಾಲ ಕೊಟ್ಟವನಿಂದ ತಪ್ಪಿಸಿಕೊಂಡವನೂ ಔಟ್ ಆಫ್ ಸ್ಟೇಷನ್, ಹೆಂಡತಿಯ ತವರಿನಲ್ಲಿ ಬಾಡೂಟಕ್ಕೆ ಕೂತವನೂ ಔಟ್ ಆಫ್ ಸ್ಟೇಷನ್. ಹಿಂದೆ ಬ್ರಿಟಿಷ್ ಸಾಹೇಬರು ತಾವು ಠಿಕಾಣಿ ಹೂಡಿದ ಜಾಗವನ್ನು ಸ್ಟೇಷನ್ ಎನ್ನುತ್ತಿದ್ದರು. ಅದನ್ನು ಬಿಟ್ಟು ಹೊರಡಲು ಮೇಲಿನವರ ಅಪ್ಪಣೆ ಬೇಕಿತ್ತು. ಸಾಹೇಬರು ಹೋದರು, ಸ್ಟೇಷನ್ ನಮ್ಮ ಕೊರಳಿಗೆ ಬಿತ್ತು. ಅದೂ ಎಂಥ ಕೊರಳು! ನಮ್ಮ ಹುಣಸೂರಿಗೆ ರೈಲೇ ಇಲ್ಲ. ಪಿರಿಯಾಪಟ್ಟಣಕ್ಕೂ ಇಲ್ಲ, ಹೆಗ್ಗಡದೇವನಕೋಟೆಗೂ ಇಲ್ಲ. ಈ ಮಾತನ್ನಾಡುವ ಹಕ್ಕು ಏನಿದ್ದರೂ ರೈಲು ನಿಲ್ಲುವ ಕೃಷ್ಣರಾಜನಗರದವರಿಗೆ. ಉಳಿದವರು ಯಾವ ಸ್ಟೇಷನ್ನಿನಿಂದ ಆಚೆ ಇರುತ್ತಾರೆ ಎಂದು ನಾನು ಮೂವತ್ತು ವರ್ಷ ತರಗತಿಯಲ್ಲಿ ಕೇಳಿದ್ದೇನೆ. ನನ್ನ ಜೊತೆ ಆ ಶಾಲೆಯಲ್ಲಿದ್ದ ಆಟದ ಮೇಷ್ಟ್ರು ರಂಗಸ್ವಾಮಿಗಂತೂ ಈ ಭಾಷಣ ಬಾಯಿಪಾಠ. ಅವರು ಆ ಮಾತು ನಾಲಿಗೆಗೆ ಬಂದರೆ ನನ್ನ ಮುಖ ನೋಡಿ ನುಂಗಿಕೊಳ್ಳುತ್ತಾರೆ.

ರಂಗಸ್ವಾಮಿಯ ಹೆಸರು ಬಂದದ್ದರಿಂದ ನನ್ನ ಹೊಟ್ಟೆಕಿಚ್ಚನ್ನೂ ಹೇಳಿಕೊಳ್ಳಬೇಕು. ಈಚೆಗೆ ನಮ್ಮ ಕಡೆ ಗುರುವಂದನೆ ಎಂಬ ಒಳ್ಳೆಯ ಪದ್ಧತಿ ಶುರುವಾಗಿದೆ. ಒಟ್ಟಿಗೆ ಓದಿದ ಹಳೆಯ ಮಕ್ಕಳು ಸೇರಿ, ಪಾಠ ಹೇಳಿದ ಮೇಷ್ಟ್ರುಗಳನ್ನೆಲ್ಲ ಕರೆಸಿ, ಸಾಲಾಗಿ ಕುರ್ಚಿ ಹಾಕಿ ಕೂರಿಸಿ, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಾಲಿಗೆ ಬೀಳುತ್ತಾರೆ. ರಂಗಸ್ವಾಮಿಗೆ ಇಂಥವು ಮೂರಾಗಿದ್ದವು. ಮಕ್ಕಳಿಗೆ ಬರೀ ಚೆಂಡು ಕೊಟ್ಟು ತಾನು ಮರದ ಕೆಳಗೆ ಕೂರುತ್ತಿದ್ದ ಮನುಷ್ಯನ ಮನೆಯ ಷೋಕೇಸಿನಲ್ಲಿ ಮೂರು ಪೇಟಗಳು ಮೂರು ಪೂಜಾರಿಗಳಂತೆ ಕೂತಿದ್ದವು. ನನಗೆ ಒಂದೂ ಇರಲಿಲ್ಲ. ಕಾರಣ ಗೊತ್ತಿಲ್ಲದ್ದೇನಲ್ಲ. ಆ ಶಾಲೆಯಲ್ಲಿ ಫೇಲಾದವರೆಲ್ಲ ಸಾಮಾನ್ಯವಾಗಿ ನನ್ನ ಕೈಯಲ್ಲೇ ಫೇಲಾದವರು. ಸರೋಜಳ ಎದುರಿಗೆ ‘ಪೇಟ ಯಾರಿಗೆ ಬೇಕು, ತಲೆ ಬಿಸಿ’ ಎನ್ನುತ್ತಿದ್ದೆ. ಆದರೆ ಒಬ್ಬನೇ ಇದ್ದಾಗ ಕನ್ನಡಿಯ ಮುಂದೆ ಟವೆಲ್ಲನ್ನು ಪೇಟದ ಹಾಗೆ ಸುತ್ತಿ ನೋಡಿಕೊಂಡದ್ದುಂಟು.

ಹೀಗಿರುವಾಗ ಹೋದ ತಿಂಗಳು ಒಂದು ಮಧ್ಯಾಹ್ನ ಮಹದೇವಿ ಬಂದಳು. ನಾನು ಆ ಕೊಪ್ಪಲಿಗೆ ವರ್ಗವಾಗಿ ಹೋದ ಮೊದಲ ವರ್ಷ ಹತ್ತನೇ ತರಗತಿಯಲ್ಲಿದ್ದ ಹುಡುಗಿ. ಈಗ ಮಗಳ ಮದುವೆ ಮಾಡಿ, ನಾಲ್ಕು ಎಕರೆ ಹೊಗೆಸೊಪ್ಪನ್ನು ತಾನೇ ನಿಂತು ಬೆಳೆಸುವ ಗಟ್ಟಿಗಿತ್ತಿ. ಜೊತೆಗೆ ಅವಳ ಸಹಪಾಠಿ ಶಿವಣ್ಣ. ಮಹದೇವಿಯ ಕೈಯಲ್ಲಿ ಸ್ಟೀಲಿನ ತಟ್ಟೆ. ಅದರಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಒಂದು ಕಾರ್ಡು. ನಾನು ಎದ್ದು ಅಂಗಿ ಸರಿಮಾಡಿಕೊಂಡೆ.

‘ಗುರುವಂದನೆ ಮಡಗಿದೀವಿ ಸಾ. ಭಾನುವಾರ, ಈ ಬ್ಯಾರನ್ ಇಳಿಸಿ ಇನ್ನೊಂದು ತುಂಬಾದ್ರೊಳ್ಗೆ. ನೀವು, ಅಮ್ಮಾವ್ರು ಇಬ್ರೂ ಬರ್ಬೇಕು’ ಎಂದು ತಟ್ಟೆ ಮುಂದೆ ಹಿಡಿದಳು. ‘ಬ್ಯಾರೆ ಮೇಷ್ಟ್ರುಗಳ್ಗೆಲ್ಲ ಕನ್ನಡ್ದಲ್ಲಿ ಅಷ್ಟೇಯ. ನಿಮ್ಗೋಸ್ಕರ ಅಂತ್ಲೇ ಹಿಂದ್ಗಡೆ ಇಂಗ್ಲಿಷಲ್ಲೂ ಹಾಕ್ಸಿದೀವಿ. ನಾನೇ ಬರ್ದಿದ್ದು ಸಾ.’

ನಾನು ಕಾರ್ಡು ತೆಗೆದುಕೊಂಡು ಹಿಂಬದಿಗೆ ತಿರುಗಿಸಿದೆ. ಓದಲೆಂದೇ ಕನ್ನಡಕ ಹಾಕಿಕೊಂಡೆ. ಆಮೇಲೆ ಏನಾಯಿತು ಎಂಬುದಕ್ಕೆ ನಾನೊಬ್ಬನೇ ಹೊಣೆಯಲ್ಲ, ಮೂವತ್ತು ವರ್ಷದ ಅಭ್ಯಾಸವೂ ಹೊಣೆ. ಕೈ ಜೇಬಿಗೆ ಹೋಯಿತು. ಮೊದಲ ಸಾಲಿಗೆ ಒಂದು ಗೀಟು ಬಿತ್ತು, ಎರಡನೆಯದಕ್ಕೆ ಒಂದು ಸುತ್ತು. ಕೊನೆಯ ಸಾಲಿನಲ್ಲಿ, ಎಲ್ಲ ಔಟ್ ಆಫ್ ಸ್ಟೇಷನ್ ವಿದ್ಯಾರ್ಥಿಗಳಿಗೂ ವಿಶೇಷ ಸ್ವಾಗತ ಎಂಬ ಅರ್ಥದ ಮಾತಿತ್ತು. ಹಳೆಯ ವೈರಿ ಅಲ್ಲಿಯೂ ಕೂತಿದ್ದಾನೆ! ಅದಕ್ಕೆ ಎರಡು ಸುತ್ತು ಹಾಕಿ, ಪಕ್ಕದಲ್ಲಿ ‘ಯಾವ ಸ್ಟೇಷನ್?’ ಎಂದು ಬರೆದೆ. ಮೇಲಿನ ಮೂಲೆಯಲ್ಲಿ, ಅರಿಶಿನದ ಮೇಲೆಯೇ, ಹತ್ತಕ್ಕೆ ನಾಲ್ಕು ಎಂದು ಅಂಕ ಹಾಕಿ, ಸಹಿ ಮಾಡಿ, ತಾರೀಕನ್ನೂ ಬರೆದು ಕಾರ್ಡನ್ನು ಅವಳ ಕೈಗೆ ವಾಪಸು ಕೊಟ್ಟೆ.

ಕಾಫಿ ತಂದ ಸರೋಜ ಬಾಗಿಲಲ್ಲೇ ನಿಂತುಬಿಟ್ಟಳು. ಶಿವಣ್ಣ ಸೂರು ನೋಡುತ್ತಿದ್ದ. ಮಹದೇವಿ ಕಾರ್ಡನ್ನು ಓದಿದಳು, ನಕ್ಕಳು, ಆದರೆ ಕೊನೆಯ ಸಾಲಿಗೆ ಬಂದಾಗ ಆ ನಗು ಆರಿಹೋಯಿತು. ‘ಬತ್ತೀವಿ ಸಾ’ ಎಂದು ಎದ್ದಳು. ಎಲೆ ಅಡಿಕೆ, ಬಾಳೆಹಣ್ಣು ನಮ್ಮ ಮೇಜಿನ ಮೇಲೆ ಉಳಿದವು. ಕಾರ್ಡು ಅವಳ ಜೊತೆ ಹೋಯಿತು.

‘ಕರೆಯೋಕೆ ಬಂದವರಿಗೆ ಮಾರ್ಕ್ಸ್ ಕೊಟ್ಟು ಕಳಿಸಿದಿರಲ್ಲ ರೀ! ಅದೂ ನಾಲ್ಕು!’ ಎಂದಳು ಸರೋಜ.

‘ನಾಲ್ಕೇ ಜಾಸ್ತಿ. ಕ್ರಿಯಾಪದವೇ ಇರಲಿಲ್ಲ’ ಎಂದು ಹೇಳಿದ ಮೇಲೆ ನನಗೇ ನಾಚಿಕೆಯಾಯಿತು.

ಆಮೇಲೆ ಶುರುವಾಯಿತು ನಮ್ಮ ಮನೆಯಲ್ಲಿ ಒಂದು ಧರ್ಮಸೂಕ್ಷ್ಮದ ಚರ್ಚೆ. ನಮ್ಮಲ್ಲಿ ಮನೆಗೆ ಬಂದು ಎಲೆ ಅಡಿಕೆಯ ಜೊತೆ ಕಾರ್ಡು ಕೈಗೆ ಕೊಟ್ಟರೆ ಕರೆದ ಹಾಗೆ. ಕೊಡದಿದ್ದರೆ ಕರೆದಂತಲ್ಲ, ಹಾಗೆ ಹೋಗಿ ಎಲೆಯ ಮುಂದೆ ಕೂತವರ ಮಾತು ಊರಲ್ಲಿ ಬಹಳ ದಿನ ಉಳಿಯುತ್ತದೆ. ನಮಗೆ ಎಲೆ ಅಡಿಕೆ ಬಂದಿದೆ, ಕಾರ್ಡು ಬಂದು ಹೋಗಿದೆ. ಹಾಗಾದರೆ ನಮ್ಮನ್ನು ಕರೆದಿದ್ದಾರೋ ಇಲ್ಲವೋ? ಬಾಳೆಹಣ್ಣು ತಿಂದರೆ ಒಪ್ಪಿಕೊಂಡಂತಾಗುತ್ತದೆಂದು ಸರೋಜ ಅದನ್ನು ಮುಟ್ಟಗೊಡಲಿಲ್ಲ. ಫೋನು ಮಾಡಿ ಕೇಳೋಣವೆಂದರೆ, ನಮ್ಮನ್ನು ಸನ್ಮಾನಿಸುತ್ತೀರಾ ಎಂದು ಯಾವ ಬಾಯಲ್ಲಿ ಕೇಳುವುದು? ನಾಲ್ಕು ದಿನ ಕಳೆಯಿತು. ಬಾಳೆಹಣ್ಣಿನ ಸಿಪ್ಪೆ ಕಪ್ಪಾಯಿತು. ಮಹದೇವಿಯ ಫೋನಿಲ್ಲ. ರಂಗಸ್ವಾಮಿ ಮಾತ್ರ ಫೋನು ಮಾಡಿ, ನಾಲ್ಕನೆಯ ಪೇಟ ಇಡಲು ಷೋಕೇಸಿನಲ್ಲಿ ಜಾಗವಿಲ್ಲ ಎಂದು ಗೋಳಾಡಿದರು.

ನಿಜ ಹೇಳಬೇಕೆಂದರೆ ಆ ನಾಲ್ಕು ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಪೇಟದ ಆಸೆ ಒಂದು ಕಡೆ ಇರಲಿ. ಮೂವತ್ತು ವರ್ಷದಲ್ಲಿ ಒಂದು ತರಗತಿಯಾದರೂ ನನ್ನನ್ನು ನೆನೆಸಿಕೊಂಡು ಮನೆ ಹುಡುಕಿ ಬಂದಿತ್ತು, ನನಗೆಂದೇ, ತನಗೆ ಬಾರದ ಭಾಷೆಯಲ್ಲಿ ಕಷ್ಟಪಟ್ಟು ನಾಲ್ಕು ಸಾಲು ಬರೆದಿತ್ತು. ಅದಕ್ಕೆ ನಾನು ಗೀಟು ಹಾಕಿದೆ. ಐದನೆಯ ದಿನ ಬೆಳಿಗ್ಗೆ ಸರೋಜ ಕಾಫಿ ಲೋಟ ಮುಂದಿಟ್ಟು, ‘ಹೋಗಿ ತಪ್ಪಾಯ್ತು ಅಂತ ಹೇಳಿ ಬನ್ನಿ. ಕನ್ನಡದಲ್ಲೇ ಹೇಳಿ’ ಎಂದಳು. ನಾನು ಬಸ್ಸು ಹತ್ತಿದೆ.

ಮಹದೇವಿ ಮನೆಯ ಹಿಂದೆ, ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿದ್ದಳು. ಆರೇಳು ಹೆಂಗಸರು ಹಸಿ ಎಲೆಯ ರಾಶಿಯ ಸುತ್ತ ಕೂತು, ಎರಡು ಮೂರು ಎಲೆ ಸೇರಿಸಿ ದಾರ ತಿರುವಿ ಕಡ್ಡಿಗೆ ಕಟ್ಟುತ್ತಿದ್ದರು. ಎಲೆಯ ಅಂಟು ಮೆತ್ತಿ ಎಲ್ಲರ ಕೈಯೂ ಮೊಳಕೈವರೆಗೆ ಕಪ್ಪು. ನನ್ನನ್ನು ಕಂಡು ಮಹದೇವಿ ಎದ್ದು ನಿಂತಳು. ಕುರ್ಚಿ ತರಿಸಿದಳು, ಮಜ್ಜಿಗೆ ಕೊಡಿಸಿದಳು. ಬಂದದ್ದು ಯಾಕೆಂದು ಮಾತ್ರ ಕೇಳಲಿಲ್ಲ.

‘ತಪ್ಪಾಯ್ತು ಕಣಮ್ಮ’ ಎಂದೆ. ‘ಅವತ್ತು ಕಾರ್ಡಿನ ಮೇಲೆ ಹಾಗೆಲ್ಲ ಗೀಚಬಾರದಿತ್ತು.’

‘ಅಯ್ ಬುಡಿ ಸಾ. ನೀವು ತಪ್ಪು ಹಾಕ್ದೆ ಇದ್ದಿದ್ರೆ ಮೇಷ್ಟ್ರುಗೆ ಮೈ ಸರಿ ಇಲ್ವೇನೋ ಅಂದ್ಕೊತಿದ್ದೊ. ನಾಲ್ಕು ಕೊಟ್ರಿ ಅಂತ ಊರಿಗೆಲ್ಲ ತೋರಿಸ್ಕೊಂಡು ಬಂದೀನಿ. ಇಂಗ್ಲಿಷಲ್ಲಿ ನಂಗೆ ಹತ್ತಕ್ಕೆ ನಾಲ್ಕು ಬಂದಿದ್ದು ಇದೇ ಫಸ್ಟು.’ ಹೆಂಗಸರೆಲ್ಲ ನಕ್ಕರು. ಮಹದೇವಿ ನಗಲಿಲ್ಲ. ‘ಆದ್ರೆ ಆ ಕೊನೇ ಮಾತ್ಗೆ ಎಲ್ಡು ಸುತ್ತು ಹಾಕ್ಬುಟ್ಟು, ಯಾವ ಸ್ಟೇಷನ್ನು ಅಂತ ಬರುದ್ರಲ್ಲ, ಅದ್ಕೆ ಕಣ್ ಸಾ ಬೇಜಾರಾಗಿದ್ದು. ಅದು ನಂ ಇಂಗ್ಲಿಷಲ್ಲ. ನೀವೇ ಬರ್ಸಿದ್ದು.’

ನಾನು ಬರೆಸಿದ್ದೇ? ಔಟ್ ಆಫ್ ಸ್ಟೇಷನ್ನನ್ನು? ನನ್ನ ಮುಖ ನೋಡಿ ಅವಳಿಗೆ ಅರ್ಥವಾಯಿತು, ಈ ಮನುಷ್ಯ ಪೂರ್ತಿ ಮರೆತಿದ್ದಾನೆ ಎಂದು. ಕಪ್ಪು ಕೈಗಳನ್ನು ಹಿಂದೆ ಕಟ್ಟಿ, ತರಗತಿಯಲ್ಲಿ ನಿಂತ ಹಾಗೆ ನೆಟ್ಟಗೆ ನಿಂತು, ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಒಂದು ರಜಾ ಅರ್ಜಿಯನ್ನು ಒಪ್ಪಿಸಿದಳು. ‘ಆಸ್ ಐ ವಾಸ್ ಔಟ್ ಆಫ್ ಸ್ಟೇಷನ್ ಫಾರ್ ಫೋರ್ ಡೇಸ್’ ಎಂದು ಶುರುವಾಗಿ, ‘ಯುವರ್ಸ್ ಒಬಿಡಿಯೆಂಟ್ಲಿ’ ಎಂಬಲ್ಲಿಗೆ ಮುಗಿಯಿತು. ಆ ಹೊತ್ತಿನಲ್ಲೂ ನಾನು ತಪ್ಪು ಸಿಗುತ್ತದೇನೋ ಎಂದು ಕಿವಿಗೊಟ್ಟಿದ್ದೆ. ಒಂದೂ ಸಿಗಲಿಲ್ಲ.

ಆಗ ನೆನಪಾಯಿತು. ಆ ಶಾಲೆಯಲ್ಲಿ ನನ್ನ ಮೊದಲ ವರ್ಷ. ಸೊಪ್ಪು ಮುರಿಯುವ ಕಾಲ ಬಂದರೆ ಹತ್ತನೇ ತರಗತಿ ಅರ್ಧ ಖಾಲಿ. ಅಂದಿನ ಹೆಡ್‌ಮಾಸ್ಟರು ಹೊಗೆಸೊಪ್ಪು ಕಟ್ಟಲು ಹೋದವರ ಹೆಸರು ಹೊಡೆದುಹಾಕುತ್ತೇನೆ, ಬೇರೆ ಕಾರಣವಿದ್ದರೆ ಇಂಗ್ಲಿಷಿನಲ್ಲಿ ರಜಾ ಅರ್ಜಿ ತನ್ನಿ ಎಂದು ಕಟ್ಟಪ್ಪಣೆ ಮಾಡಿದ್ದರು. ಒಂದು ಬೆಳಿಗ್ಗೆ ಇಪ್ಪತ್ತಮೂರು ಮಕ್ಕಳು ಕಪ್ಪು ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ನನ್ನ ತರಗತಿಯ ಹೊರಗೆ ನಿಂತಿದ್ದರು. ಅವರಿಗೆ ಇಂಗ್ಲಿಷಿನಲ್ಲಿ ಹೆಸರು ಬರೆಯುವುದೇ ಕಷ್ಟ, ಅರ್ಜಿ ಎಲ್ಲಿಂದ ಬರಬೇಕು? ನಾನು ಅವರನ್ನು ಒಳಗೆ ಕರೆದು, ಬಾಗಿಲು ಹಾಕಿ, ಬೋರ್ಡಿನ ಮೇಲೆ ಒಂದು ಅರ್ಜಿ ಬರೆದೆ. ಎಲ್ಲರೂ ಅದನ್ನೇ ನಕಲು ಮಾಡಿದರು. ಇಬ್ಬರು ಕೆಳಗಿದ್ದ ನನ್ನ ಸಹಿಯನ್ನೂ ನಕಲು ಮಾಡಿದರು. ಹೆಡ್‌ಮಾಸ್ಟರು ಇಪ್ಪತ್ತಮೂರು ಅರ್ಜಿಯನ್ನೂ ಓದಿ, ‘ಏನ್ರೀ, ಇಷ್ಟೂ ಮಕ್ಕಳು ಒಟ್ಟಿಗೇ ಎಲ್ಲಿಗೆ ಹೋಗಿದ್ದರು?’ ಎಂದು ಕೇಳಿದರು. ನಾನು ಗೋಡೆಯ ಗಡಿಯಾರ ನೋಡಿದೆ. ಅವರು ಸಹಿ ಹಾಕಿದರು.

‘ಅವತ್ತು ಹೆಸ್ರು ಹೊಡ್ದಿದ್ರೆ ನಮ್ಮಪ್ಪ ಆ ವರ್ಸವೇ ಮದ್ವೆ ಮಾಡ್ಬುಡ್ತಿದ್ರು ಸಾ’ ಎಂದಳು ಮಹದೇವಿ. ‘ಇಂಗ್ಲಿಷಲ್ಲಿ ಎಲ್ಡು ಸಲ ಹೋದ್ರೂ ಮೂರ್ನೇ ಸಲಕ್ಕೆ ಪಾಸಾದೆ. ಅವತ್ನಿಂದ ಈ ಊರಲ್ಲಿ ಸೊಪ್ಪು ಕಟ್ಟೋರ್ಗೆಲ್ಲ ನಾವು ಔಟಾಸ್ಟೇಷನ್ ಅಂತೀವಿ. ಕಾರ್ಡಲ್ಲಿ ಅದ್ನ ಹಾಕಿದ್ದು ಆ ಇಪ್ಪತ್ಮೂರು ಜನಕ್ಕೆ. ನಿಮ್ಗೆ ಗೊತ್ತಾಯ್ತದೆ, ನಗಾಡ್ತೀರ ಅಂದ್ಕೊಂಡಿದ್ದೆ.’

ಇಷ್ಟು ವರ್ಷ ಊರೂರು ಸುತ್ತಿ ಒರೆಸಲು ಹೊರಟಿದ್ದ ಮಾತನ್ನು ಈ ಕೊಪ್ಪಲಿನಲ್ಲಿ ಬಿತ್ತಿದವನು ನಾನೇ. ಅದೂ ನನ್ನ ಕೆಲಸದ ಕಾಲದಲ್ಲಿ ಮಾಡಿದ ಒಂದೇ ಒಂದು ಒಳ್ಳೆಯ ಕಳ್ಳತನದ ಜೊತೆಗೆ. ಅದಾದ ಮೇಲೆ ಎಷ್ಟೋ ವರ್ಷ ಇದೇ ಊರಿನ ಮಕ್ಕಳು ‘ಅವ್ವ ಔಟಾಸ್ಟೇಷನ್ ಸಾ’ ಎಂದಾಗ ನಾನು ಬೆಂಚಿನ ಮೇಲೆ ನಿಲ್ಲಿಸಿ ರೈಲಿನ ಭಾಷಣ ಮಾಡಿದ್ದೇನೆ. ಪಾಪ, ಅವು ನಿಜವನ್ನೇ ಹೇಳುತ್ತಿದ್ದವು.

‘ಕಾರ್ಡು ಇದೆಯೇನಮ್ಮ?’ ಎಂದೆ. ಮಹದೇವಿ ಒಳಗಿನಿಂದ ತರಿಸಿದಳು. ದೇವರ ಪಟದ ಹಿಂದೆ ಇಟ್ಟಿದ್ದಳಂತೆ. ನಾನು ಕೆಂಪು ಪೆನ್ನು ತೆಗೆದು, ‘ಯಾವ ಸ್ಟೇಷನ್?’ ಎಂಬುದನ್ನು ಹೊಡೆದುಹಾಕಿ, ಆ ಸಾಲಿನ ಮುಂದೆ ದೊಡ್ಡದಾಗಿ ಒಂದು ರೈಟು ಹಾಕಿದೆ. ಹಾಗೆಯೇ ಮೇಲಿನ ಮೂಲೆಗೆ ಕೈ ಹೋಯಿತು.

‘ಮಾರ್ಕ್ಸ್ ಮುಟ್ಬ್ಯಾಡಿ ಸಾ’ ಎಂದು ಅವಳು ಕಾರ್ಡನ್ನು ಕಿತ್ತುಕೊಂಡಳು. ‘ಜಾಸ್ತಿ ಮಾಡುದ್ರೆ ಊರಲ್ಲಿ ಯಾರೂ ನಂಬಕ್ಕಿಲ್ಲ.’ ಆಮೇಲೆ ಕೈ ತೊಳೆದು ಬಂದು, ಎರಡು ವೀಳ್ಯದೆಲೆಯ ಮೇಲೆ ಅಡಿಕೆ ಇಟ್ಟು, ಅದರ ಮೇಲೆ ಕಾರ್ಡನ್ನಿಟ್ಟು ಎರಡೂ ಕೈಯಲ್ಲಿ ಹಿಡಿದಳು. ‘ಈಗ ಇಸ್ಕೊಳಿ. ಭಾನುವಾರ ಅಮ್ಮಾವ್ರನ್ನೂ ಕರ್ಕೊಂಡ್ ಬರ್ಬೇಕು.’ ನಾನೂ ಎರಡೂ ಕೈಯಲ್ಲಿ ತೆಗೆದುಕೊಂಡು ಜೇಬಿನಲ್ಲಿಟ್ಟುಕೊಂಡೆ. ಇನ್ನು ಸರೋಜ ಬಾಳೆಹಣ್ಣನ್ನು ಏನು ಬೇಕಾದರೂ ಮಾಡಬಹುದಿತ್ತು.

ಮರಳಿ ಹೋಗುವ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಸುಮ್ಮನೆ ಕುರ್ಚಿಯಲ್ಲಿ ಕೂತಿರಲು ಮನಸ್ಸಾಗದೆ ಹೆಂಗಸರ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ನನಗೂ ಒಂದು ಕಡ್ಡಿ ಕೊಡಿ ಎಂದೆ. ನಾನು ಕಟ್ಟಿದ ಮೊದಲ ಕಡ್ಡಿಯನ್ನು ಒಬ್ಬ ಅಜ್ಜಿ ಎತ್ತಿ ಹಿಡಿದಳು, ಅರ್ಧಕ್ಕರ್ಧ ಎಲೆಗಳು ಜಾರಿ ಕೆಳಗೆ ಬಿದ್ದವು. ‘ಹತ್ತಕ್ಕೆ ಎಲ್ಡು’ ಎಂದಳು ಅಜ್ಜಿ. ಚಪ್ಪರ ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಇನ್ನೊಂದು ಕಡ್ಡಿ ಕೊಟ್ಟರು.

ಅದನ್ನು ಕಟ್ಟುತ್ತಿರುವಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ನನ್ನ ಕೈ ಆಗಲೇ ಕಪ್ಪಾಗಿ ಅಂಟುತ್ತಿತ್ತು. ಮಹದೇವಿ ಫೋನು ತೆಗೆದು ನನ್ನ ಕಿವಿಗೆ ಹಿಡಿದಳು. ರಂಗಸ್ವಾಮಿ.

‘ಎಲ್ಲಿದ್ದೀರಿ ಮಾರಾಯ್ರೇ? ನಿಮ್ಮ ಮನೆ ಹತ್ತಿರಾನೇ ಇದ್ದೀನಿ, ಕಾಫಿಗೆ ಬರೋಣ ಅಂತ.’

‘ಇವತ್ತು ಸಿಗಲ್ಲ ರಂಗಸ್ವಾಮಿ. ಔಟ್ ಆಫ್ ಸ್ಟೇಷನ್.’

ಆ ಕಡೆಯಿಂದ ಅವರು ಬಹಳ ಎಚ್ಚರಿಕೆಯಿಂದ, ‘ನಿಮ್ಮ ಮೈ ಹುಷಾರಾಗಿದೆ ತಾನೆ?’ ಎಂದು ಕೇಳಿದರು.